ಸುಂಕದಕಟ್ಟೆಯಾಚೆಯ ಸೋಲ್ನಾ



ಊರಾಳಿಕೆಯ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿ ಇಟ್ಟವರ ಆಸೆ. ದೇಶಗಳ ಬಗ್ಗೆ, ರಾಜಧಾನಿಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ರಾಜಧಾನಿಯ ಪಕ್ಕದಲ್ಲಿ, ಅದರ ನೆರಳಿನಲ್ಲಿ ಬದುಕುವ ಊರುಗಳ ಬಗ್ಗೆ ಮಾತು ಕಡಿಮೆ. ಅಂಥ ಊರೊಂದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿಗೆ ವಾಯವ್ಯದಲ್ಲಿ ತಾಗಿಕೊಂಡಿರುವ ಸೋಲ್ನಾ. ವಿಸ್ತೀರ್ಣ ಇಪ್ಪತ್ತು ಚದರ ಕಿಲೋಮೀಟರಿನ ಆಸುಪಾಸು, ಜನಸಂಖ್ಯೆ ಸುಮಾರು 85 ಸಾವಿರ. ನಕ್ಷೆಯಲ್ಲಿ ನೋಡಿದರೆ ಸ್ಟಾಕ್‌ಹೋಮಿನ ಒಂದು ಬಡಾವಣೆಯಂತೆಯೇ ಕಾಣುತ್ತದೆ. ಆದರೆ ಅದಕ್ಕೆ ತನ್ನದೇ ನಗರಸಭೆ ಇದೆ, ತನ್ನದೇ ತೆರಿಗೆ ಇದೆ, ತನ್ನ ನೆಲದ ಮೇಲೆ ಏನು ಕಟ್ಟಬೇಕು, ಏನು ಕಟ್ಟಬಾರದು ಎಂದು ತೀರ್ಮಾನಿಸುವ ಅಧಿಕಾರವೂ ಇದೆ.

ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಹೊರಟರೆ ನೋರ್‌ಟುಲ್ ಎಂಬ ಜಾಗ ಸಿಗುತ್ತದೆ. ಅದು ಹಳೆಯ ಸುಂಕದಕಟ್ಟೆ. 1622ರಿಂದ 1810ರವರೆಗೆ ಹಳ್ಳಿಯವರು ಪೇಟೆಗೆ ಮಾರಲು ತಂದ ಸರಕಿಗೆಲ್ಲ ಇಂಥ ಕಟ್ಟೆಗಳಲ್ಲಿ ಸುಂಕ ತೆತ್ತೇ ಒಳಗೆ ಹೋಗಬೇಕಿತ್ತು. ಸುಂಕದವರು ಕೂರುತ್ತಿದ್ದ ಜೋಡಿ ಮನೆಗಳು ಈಗಲೂ ಅಲ್ಲಿವೆ. 2007ರಿಂದ ರಾಜಧಾನಿಯ ಒಳಗೆ ಹೋಗುವ ಕಾರುಗಳಿಗೆ ದಟ್ಟಣೆ ತೆರಿಗೆ ಬಂದಿದೆ. ಹಾಗಾಗಿ ಆ ಜಾಗದಲ್ಲಿ ಕ್ಯಾಮೆರಾ ಕಣ್ಣಿನ ಹೊಸ ಸುಂಕವೂ ಶುರುವಾಗಿದೆ. ಈ ಕಟ್ಟೆಯ ಒಳಗಿನದು ಪೇಟೆ, ಹೊರಗಿನದು ಸೋಲ್ನಾ. ಪೇಟೆಯೊಳಗೆ ಜಾಗ ಸಾಲದ್ದು, ಪೇಟೆಯವರಿಗೆ ಹತ್ತಿರ ಬೇಡವಾದದ್ದು, ಪೇಟೆಯ ಕಟ್ಟುಪಾಡಿಗೆ ಒಗ್ಗದ್ದು, ಎಲ್ಲವೂ ಮುನ್ನೂರು ವರ್ಷಗಳಿಂದ ಈ ಕಟ್ಟೆ ದಾಟಿ ಆಚೆ ಬಂದಿವೆ. ರಾಜನ ವಿಲಾಸ, ಸತ್ತವರ ಸಮಾಧಿ, ರೋಗಿಗಳ ಆಸ್ಪತ್ರೆ, ಬಡವರ ಮನೆ, ಸಿನಿಮಾ, ಕಾಲ್ಚೆಂಡು. ಹೀಗೆ ಬಂದದ್ದನ್ನೆಲ್ಲ ಇಟ್ಟುಕೊಂಡು ಸೋಲ್ನಾ ತಾನೇ ಒಂದು ಊರಾಯಿತು. ಅದು ಹೇಗೆ ಸಾಧ್ಯವಾಯಿತು, ಅದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದೇ ನನ್ನ ವಿಷಯ.

ಮೊದಲು ಬಂದವರಲ್ಲಿ ರಾಜನೂ ಒಬ್ಬ. ಮೂರನೆಯ ಗುಸ್ತಾವ್ 1771ರಲ್ಲಿ, ಬ್ರುನ್ಸ್‌ವೀಕೆನ್ ಎಂಬ ನೀರಿನ ದಡದಲ್ಲಿ ಹಾಗಾ ಎಂಬ ಜಮೀನನ್ನು ಕೊಂಡ. ಫ್ರೆಡ್ರಿಕ್ ಮಾಗ್ನುಸ್ ಪೀಪರ್ ಎಂಬ ವಿನ್ಯಾಸಕಾರ ಅಲ್ಲಿ ಇಂಗ್ಲಿಷ್ ಮಾದರಿಯ ಉದ್ಯಾನವನ್ನು ರೂಪಿಸಿದ. ರಾಜನಿಗೊಂದು ಪುಟ್ಟ ಮಂಟಪಮನೆ ಎದ್ದಿತು. ಕಾವಲುಗಾರರಿಗೂ ಕುದುರೆಗಳಿಗೂ ಲೂಯಿ ಜಾನ್ ದೆಪ್ರೆ ಎಂಬ ಫ್ರೆಂಚ್ ಕಲಾವಿದನ ವಿನ್ಯಾಸದಲ್ಲಿ ಕಟ್ಟಡಗಳು ಬಂದವು. ಅವುಗಳ ಮುಂಭಾಗಕ್ಕೆ ತಾಮ್ರದ ತಗಡು ಹೊದಿಸಿ, ನೀಲಿ ಬಂಗಾರದ ಬಣ್ಣ ಬಳಿದು, ಸುಲ್ತಾನನ ದಂಡಿನ ಡೇರೆಗಳಂತೆ ಕಾಣುವ ಹಾಗೆ ಮಾಡಿದರು. ತಾಮ್ರದ ಡೇರೆಗಳೆಂದೇ ಅವಕ್ಕೆ ಹೆಸರು. ಈಗ ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುವ ಜನ ಅವುಗಳ ಮುಂದಿನ ಇಳಿಜಾರು ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂರುತ್ತಾರೆ.

ಗುಸ್ತಾವ್ ಅಲ್ಲೊಂದು ಭಾರಿ ಅರಮನೆಗೂ ಅಡಿಪಾಯ ಹಾಕಿಸಿದ್ದ. 1792ರ ಮಾರ್ಚ್ 16ರ ರಾತ್ರಿ ಸ್ಟಾಕ್‌ಹೋಮಿನ ಆಪೆರಾ ಮನೆಯಲ್ಲಿ, ಮುಖವಾಡದ ನೃತ್ಯಕೂಟದ ನಡುವೆ, ಅವನಿಗೆ ಗುಂಡು ಬಿತ್ತು. ಹದಿಮೂರು ದಿನ ನರಳಿ ಸತ್ತ. ಕೊಲೆಯ ಸಂಚು ನಡೆಸಿದ ಕುಲೀನರು ಸೇರುತ್ತಿದ್ದ ಮನೆಗಳಲ್ಲಿ ಒಂದು, ಈಗ ಸೋಲ್ನಾದ ಭಾಗವೇ ಆಗಿರುವ ಹೂವುಡ್‌ಸ್ಟಾ ಎಂಬಲ್ಲಿತ್ತು. ರಾಜನ ಅಚ್ಚುಮೆಚ್ಚಿನ ತೋಟವೂ ಅವನನ್ನು ಮುಗಿಸಲು ಹೊರಟವರ ಬೈಠಕ್ಕೂ ಒಂದೇ ಸೀಮೆಯೊಳಗೆ! ಅರಮನೆಯ ಕೆಲಸ ಅಲ್ಲಿಗೇ ನಿಂತಿತು. ಕಾಡಿನ ಮಧ್ಯೆ ಅದರ ಕಲ್ಲಿನ ತಳಗೋಡೆಗಳು ಇವತ್ತಿಗೂ ಇವೆ. ಆಮೇಲಿನ ಕಾಲದಲ್ಲಿ ಕಟ್ಟಿದ ಚಿಕ್ಕ ಹಾಗಾ ಅರಮನೆಯಲ್ಲಿ ಈಗಿನ ದೊರೆ ಹದಿನಾರನೆಯ ಕಾರ್ಲ್ ಗುಸ್ತಾಫ್ 1946ರಲ್ಲಿ ಹುಟ್ಟಿದರು. ಪಟ್ಟದ ರಾಜಕುಮಾರಿ ವಿಕ್ಟೋರಿಯಾ 2010ರಿಂದ ಅಲ್ಲೇ ವಾಸವಾಗಿದ್ದಾರೆ.

ರಾಜರ ಮಾತು ಸಾಕು. 1827ರಲ್ಲಿ ಸ್ಟಾಕ್‌ಹೋಮ್ ತನ್ನ ಸತ್ತವರನ್ನು ಸೋಲ್ನಾಕ್ಕೆ ಕಳಿಸಲು ಶುರುಮಾಡಿತು. ಉತ್ತರದ ರುದ್ರಭೂಮಿ ಎಂದು ಕರೆಸಿಕೊಳ್ಳುವ ಆ ಬಯಲಿನಲ್ಲಿ ಆಲ್ಫ್ರೆಡ್ ನೊಬೆಲ್ ಮಲಗಿದ್ದಾರೆ. ನಾಟಕಕಾರ ಸ್ಟ್ರಿಂಡ್‌ಬರ್ಗ್ ಇದ್ದಾರೆ, ನಟಿ ಇಂಗ್ರಿಡ್ ಬರ್ಗ್‌ಮನ್ ಇದ್ದಾರೆ, ರಷ್ಯಾದಿಂದ ಬಂದು ಸ್ಟಾಕ್‌ಹೋಮಿನಲ್ಲಿ ಗಣಿತದ ಪ್ರಾಧ್ಯಾಪಕಿಯಾದ ಸೋಫಿಯಾ ಕೊವಲೆವ್ಸ್ಕಾಯಾ ಇದ್ದಾರೆ. ಒಂದು ವಿಷಯವನ್ನು ಗಮನಿಸಬೇಕು. ನೆಲ ಸೋಲ್ನಾದ್ದು, ರುದ್ರಭೂಮಿಯ ಆಡಳಿತ ಇಂದಿಗೂ ಸ್ಟಾಕ್‌ಹೋಮ್ ನಗರದ್ದು. ಸೋಲ್ನಾದ ಗಡಿಯೊಳಗೆ ಇಂಥ ನೆಲ ಬಹಳ. ಹಾಗಾ ಉದ್ಯಾನ ಸರಕಾರದ್ದು, ದೊಡ್ಡ ಆಸ್ಪತ್ರೆ ಪ್ರಾಂತ್ಯದ ಆಡಳಿತದ್ದು, ಕಾರ್ಲ್‌ಬರ್ಗ್ ಎಂಬ ಹಳೆಯ ಅರಮನೆಯಲ್ಲಿ 1792ರಿಂದ ನಡೆಯುತ್ತಿರುವ ಸೈನಿಕ ಶಾಲೆ ಸೇನೆಯದ್ದು. ತನ್ನ ಮನೆಯಲ್ಲೇ ಇಷ್ಟೊಂದು ಕೋಣೆಗಳ ಬೀಗದಕೈ ಬೇರೆಯವರ ಹತ್ತಿರ ಇದ್ದರೂ ಈ ಊರು ತನ್ನತನ ಉಳಿಸಿಕೊಂಡಿತು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆಸ್ಪತ್ರೆಯ ಮಾತು ಬಂತು. 1809ರಲ್ಲಿ ರಷ್ಯಾದ ಎದುರು ಸೋತು ಫಿನ್‌ಲೆಂಡನ್ನೇ ಕಳೆದುಕೊಂಡ ಸ್ವೀಡನ್, ಯುದ್ಧದಲ್ಲಿ ಗಾಯಾಳುಗಳು ಸಾಲು ಸಾಲಾಗಿ ಸತ್ತದ್ದನ್ನು ಕಂಡು, ಸೇನೆಗೆ ಒಳ್ಳೆಯ ಶಸ್ತ್ರವೈದ್ಯರನ್ನು ತಯಾರು ಮಾಡಲೆಂದು 1810ರಲ್ಲಿ ಒಂದು ವೈದ್ಯವಿದ್ಯಾಲಯ ತೆರೆಯಿತು. ಅದೇ ಕರೋಲಿನ್ಸ್ಕಾ ಸಂಸ್ಥೆ. ಕರೋಲಿನ್ಸ್ಕಾ ಆಸ್ಪತ್ರೆ 1940ರಲ್ಲಿ ಸೋಲ್ನಾದಲ್ಲಿ ಬಾಗಿಲು ತೆರೆಯಿತು. ಅದರ ಹಿಂದೆಯೇ ವಿದ್ಯಾಲಯವೂ ಪೇಟೆ ಬಿಟ್ಟು ಇಲ್ಲಿಗೆ ಬಂತು. ವೈದ್ಯಶಾಸ್ತ್ರದ ನೊಬೆಲ್ ಯಾರಿಗೆ ಎಂದು ತೀರ್ಮಾನಿಸುವುದು ಈ ಸಂಸ್ಥೆಯ ಐವತ್ತು ಪ್ರಾಧ್ಯಾಪಕರ ಸಭೆ. ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ ಅವರಿಗೆ 1968ರ ಬಹುಮಾನವನ್ನು ಗೊತ್ತುಮಾಡಿದ್ದು ಈ ಸಂಸ್ಥೆಯೇ. ಅಕ್ಟೋಬರ್ ಮೊದಲ ವಾರ ಟಿ.ವಿ.ಯಲ್ಲಿ ‘ಸ್ಟಾಕ್‌ಹೋಮ್’ ಎಂಬ ಹೆಸರಿನಡಿ ನಾವು ನೋಡುವ ವೈದ್ಯಕೀಯ ನೊಬೆಲ್ ಘೋಷಣೆ ನಿಜಕ್ಕೂ ನಡೆಯುವುದು ಸೋಲ್ನಾ ನಗರಸಭೆಯ ಸೀಮೆಯೊಳಗೆ. 2020ರ ಕೊರೊನಾ ಕಾಲದಲ್ಲಿ ಜಗತ್ತೆಲ್ಲ ಚರ್ಚಿಸಿದ ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕಚೇರಿಯೂ, ಯುರೋಪ್ ಒಕ್ಕೂಟದ ರೋಗ ನಿಯಂತ್ರಣ ಕೇಂದ್ರವೂ ಇಲ್ಲೇ ಇವೆ. ಕೀರ್ತಿ ಮಾತ್ರ ಸ್ಟಾಕ್‌ಹೋಮಿನ ಲೆಕ್ಕಕ್ಕೆ ಹೋಗುತ್ತದೆ. ನೆರೆಯ ಊರುಗಳ ಹಣೆಬರಹವೇ ಅದು.

ಸಿನಿಮಾದ ಕತೆಯೂ ಹಾಗೆಯೇ. 1920ರಲ್ಲಿ ಸೋಲ್ನಾದ ರೋಸುಂಡಾ ಎಂಬಲ್ಲಿ ಚಿತ್ರನಗರಿ ಶುರುವಾಯಿತು. ಗ್ರೇಟಾ ಗಾರ್ಬೊ ಹಾಲಿವುಡ್ಡಿಗೆ ಹೋಗುವ ಮುಂಚೆ ಇಲ್ಲೇ ನಟಿಸಿದರು. ಸಮುದ್ರದಂಡೆಯಲ್ಲಿ ಯೋಧನೊಬ್ಬ ಸಾವಿನ ಜೊತೆ ಚದುರಂಗ ಆಡುವ ಇಂಗ್ಮಾರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನಮ್ಮ ಫಿಲ್ಮ್ ಸೊಸೈಟಿಗಳಲ್ಲಿ ಎಷ್ಟೋ ಮಂದಿ ನೋಡಿದ್ದೀರಿ. ಆ ದಂಡೆ ದಕ್ಷಿಣ ಸ್ವೀಡನ್ನಿನದು. ಉಳಿದ ಮಧ್ಯಯುಗದ ಬಹುಪಾಲನ್ನು ಕಟ್ಟಿ ನಿಲ್ಲಿಸಿದ್ದು ಈ ಉಪನಗರದ ಸ್ಟುಡಿಯೊ ಅಂಗಳದಲ್ಲಿ. ಈಗ ಅಲ್ಲಿ ಚಿತ್ರೀಕರಣ ಇಲ್ಲ. ಹಳೆಯ ಕಟ್ಟಡಗಳನ್ನು ಉಳಿಸಿಕೊಂಡು ಸುತ್ತ ಮನೆಗಳನ್ನು ಕಟ್ಟಿದ್ದಾರೆ.

ಚಿತ್ರನಗರಿಗೆ ಹತ್ತಿರದಲ್ಲೇ ಇತ್ತು ರೋಸುಂಡಾ ಕ್ರೀಡಾಂಗಣ. 1958ರ ಜೂನ್ 29ರಂದು ವಿಶ್ವಕಪ್ ಕಾಲ್ಚೆಂಡಿನ ಅಂತಿಮ ಪಂದ್ಯ ಅಲ್ಲಿ ನಡೆಯಿತು. ಸ್ವೀಡನ್ನಿನದೂ ಹಳದಿ ಅಂಗಿ, ಬ್ರೆಜಿಲ್ಲಿನದೂ ಹಳದಿ ಅಂಗಿ. ಬ್ರೆಜಿಲ್‌ನವರು ನೀಲಿ ಅಂಗಿ ತೊಟ್ಟು ಇಳಿಯಬೇಕಾಯಿತು. ನಾಲ್ಕನೆಯ ನಿಮಿಷಕ್ಕೇ ಸ್ವೀಡನ್ನಿನ ಲೀಡ್‌ಹೋಲ್ಮ್ ಗೋಲು ಹೊಡೆದ. ಆಮೇಲೆ ವಾವಾ ಎರಡು ಗೋಲು ತಿರುಗಿಸಿದ. ಐವತ್ತೈದನೆಯ ನಿಮಿಷದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ತೇಲಿ ಬಂದ ಚೆಂಡನ್ನು ಎದೆಯಲ್ಲಿ ತಡೆದು, ಎದುರು ನಿಂತವನ ತಲೆಯ ಮೇಲಿಂದ ಹಾರಿಸಿ, ನೆಲ ಮುಟ್ಟುವ ಮೊದಲೇ ಬಲೆಗೆ ಒದ್ದ. ಅವನೇ ಪೆಲೆ. ಪಂದ್ಯ 5-2ಕ್ಕೆ ಮುಗಿದಾಗ ಆ ಹುಡುಗ ಗೋಲ್‌ಕೀಪರ್ ಗಿಲ್ಮಾರನ ಹೆಗಲಿಗೆ ಒರಗಿ ಅತ್ತ. ಬ್ರೆಜಿಲ್ ಆಟಗಾರರು ಸ್ವೀಡನ್ನಿನ ದೊಡ್ಡ ಬಾವುಟ ಹಿಡಿದು ಮೈದಾನ ಸುತ್ತಿದರು. ಸೋತ ಊರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 1995ರಲ್ಲಿ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಪಂದ್ಯವೂ ಇಲ್ಲೇ ನಡೆದು ನಾರ್ವೆ ಗೆದ್ದಿತು. ಗಂಡಸರದೂ ಹೆಂಗಸರದೂ ಎರಡೂ ಅಂತಿಮ ಪಂದ್ಯಗಳನ್ನು ಕಂಡ ಮೈದಾನಗಳು ಜಗತ್ತಿನಲ್ಲಿ ಬಹಳ ಇಲ್ಲ.

ಆ ಮೈದಾನ ಇವತ್ತು ಇಲ್ಲ. ರೈಲುದಾರಿಯ ಪಕ್ಕ, ಮೇಲ್ಛಾವಣಿ ಮುಚ್ಚಬಹುದಾದ, ಐವತ್ತು ಸಾವಿರ ಜನ ಹಿಡಿಸುವ ಹೊಸ ಕ್ರೀಡಾಂಗಣ 2012ರಲ್ಲಿ ತೆರೆಯಿತು. ಅದರ ಪಾಲುದಾರರಲ್ಲಿ ನಗರಸಭೆಯೂ ಒಂದಾಗಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಹಳೆಯ ಮೈದಾನಕ್ಕೆ ವಿದಾಯ ಹೇಳಲು ಬ್ರೆಜಿಲ್ ತಂಡ ಬಂದಿತ್ತು, ಪೆಲೆಯೂ ಬಂದಿದ್ದರು. ನವೆಂಬರಿನಲ್ಲಿ ಕೊನೆಯ ಪಂದ್ಯ. ಮರುವರ್ಷ ಕೆಡವಿದರು. ಈಗ ಅಲ್ಲಿ ವಸತಿ ಕಟ್ಟಡಗಳಿವೆ. ಹೊಸ ಕ್ರೀಡಾಂಗಣದ ಸುತ್ತ ದೊಡ್ಡ ಮಾಲ್ ಬಂದಿದೆ, ದೂರವಾಣಿ ಮತ್ತು ವಿದ್ಯುತ್ ಕಂಪನಿಗಳ ಕೇಂದ್ರ ಕಚೇರಿಗಳು ಬಂದಿವೆ, ಊರಿನ ವರಮಾನ ಹೆಚ್ಚಿದೆ. ಇದನ್ನು ನಾನು ತಪ್ಪೆನ್ನಲಾರೆ. ಮನೆ ಸಿಗದೆ ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ಪ್ರದೇಶ ಅದು. ಆದರೂ 1958ರ ಆ ಹುಲ್ಲಿನ ತುಂಡನ್ನಾದರೂ ಮಕ್ಕಳಿಗೆ ಆಡಲು ಬಿಡಬಹುದಿತ್ತು ಎಂದು ನನಗೆ ಅನಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಸೋಲ್ನಾದ ಹಾಗಾಲುಂಡ್ ಎಂಬ ಕೇರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಟಾಕ್‌ಹೋಮಿಗೆ ಹಳ್ಳಿಗಳಿಂದ ಜನ ಹರಿದು ಬಂದರು. ಪೇಟೆಯೊಳಗೆ ಬೆಂಕಿಯ ಭಯಕ್ಕೆ ಮರದ ಮನೆ ಕಟ್ಟುವಂತಿರಲಿಲ್ಲ. ಕಲ್ಲು ಇಟ್ಟಿಗೆಯ ಮನೆ ಕಟ್ಟಲು ಕೂಲಿಯವನಿಗೆ ತಾಕತ್ತಿರಲಿಲ್ಲ, ಬಾಡಿಗೆ ಕೊಡಲೂ ಆಗುತ್ತಿರಲಿಲ್ಲ. ಸುಂಕದಕಟ್ಟೆಯ ಆಚೆ ಆ ಕಟ್ಟುಪಾಡು ಇರಲಿಲ್ಲ. ಸೋಲ್ನಾದ ರೈಲುದಾರಿಯ ಪಕ್ಕದ ಗುಡ್ಡದಲ್ಲಿ ಸೈಟುಗಳು ಮಾರಾಟಕ್ಕೆ ಬಂದವು. ರೈಲ್ವೆಯವರು, ಬಡಗಿಗಳು, ಸಣ್ಣ ವ್ಯಾಪಾರದವರು ಕೊಂಡು, ಕೈಲಾದಂತೆ ಮರದ ಮನೆಗಳನ್ನು ಕಟ್ಟಿದರು. ನಕ್ಷೆ ಹಾಕಿ ಕಟ್ಟಿದ ಊರಲ್ಲ ಅದು. ಒಂದು ಮನೆಗೆ ಗೋಪುರ, ಇನ್ನೊಂದಕ್ಕೆ ಗಾಜಿನ ಜಗಲಿ, ಮತ್ತೊಂದಕ್ಕೆ ಸೂರಿನಂಚಿಗೆ ಕೆತ್ತನೆಯ ಹಲಗೆ. ಬಡವರು ಕಟ್ಟಿದ್ದಾದರೂ ಬರೀ ತಲೆಯ ಮೇಲೊಂದು ಸೂರಿಗೆಂದು ಕಟ್ಟಿದ್ದಲ್ಲ, ಚೆನ್ನಾಗಿ ಕಾಣಲೆಂದು ಆಸೆಪಟ್ಟು ಕಟ್ಟಿದ್ದು.

ಅಲ್ಲಿ 1904ರಲ್ಲಿ ಹುಟ್ಟಿದ ಉಲ್ಲೆ ಉಲ್ಸೊನ್ ಚಿತ್ರಕಾರನಾದ. ಊರ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ. ಅವನ ಚಿತ್ರಗಳಲ್ಲಿ ಮನೆಗಳು ಸೊಟ್ಟಗೆ ನಿಂತಿರುತ್ತವೆ, ಹಳದಿ, ಕೆಂಪು, ಹಸಿರು ಬಣ್ಣಗಳು ಹಿಮದ ಮೇಲೆ ಉರಿಯುತ್ತವೆ. ಬೀದಿಯಲ್ಲಿ ಹೋಗುವವರು ಪುಟ್ಟ ಪುಟ್ಟ ಜನ. ಹೊರಗಿನವರಿಗೆ ಕೊಳೆಗೇರಿಯಾಗಿ ಕಂಡದ್ದು ಅವನಿಗೆ ಹಬ್ಬದ ಬೀದಿಯಾಗಿ ಕಂಡಿತ್ತು.

ನಗರಸಭೆಗೆ ಕಂಡದ್ದು ಬೇರೆ. ಅನೇಕ ಮನೆಗಳಲ್ಲಿ ಒಳಗೆ ಶೌಚಾಲಯವಿರಲಿಲ್ಲ, ಬಿಸಿನೀರಿರಲಿಲ್ಲ. ಮೈಕೊರೆಯುವ ಚಳಿಯ ದೇಶದಲ್ಲಿ ಅದು ಸಣ್ಣ ಮಾತಲ್ಲ. 1965ರಿಂದ ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಮನೆ ಕಟ್ಟಬೇಕೆಂದು ಸ್ವೀಡನ್ ಹಟ ತೊಟ್ಟ ಕಾಲ ಅದು. ಹಾಗಾಲುಂಡಿನ ಬಹುಪಾಲನ್ನು ಕೆಡವಿ, 1970ರ ದಶಕದ ಮೊದಲ ವರ್ಷಗಳಲ್ಲಿ ಅದೇ ಗುಡ್ಡದ ಮೇಲೆ ಎತ್ತರದ ನೀಲಿ ಕಟ್ಟಡಗಳ ಸಾಲನ್ನು ಎಬ್ಬಿಸಿದರು. ಜನ ಅದನ್ನು ಬ್ಲೋಕುಲ್ಲಾ ಎಂದು ಕರೆದರು, ಅವರ ಜನಪದ ಕತೆಗಳಲ್ಲಿ ಮಾಟಗಾತಿಯರು ಸೇರುವ ಬೆಟ್ಟದ ಹೆಸರು. ಉಲ್ಸೊನ್ 1972ರಲ್ಲಿ ತೀರಿಕೊಂಡ. ತಾನು ಬಣ್ಣ ಹಚ್ಚಿದ ಬೀದಿಗಳು ಒಂದೊಂದಾಗಿ ಅಳಿಯುವುದನ್ನು ನೋಡಿಯೇ ಹೋದ. ಅವನ ಮನೆ ಮಾತ್ರ ಉಳಿದು ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಆಚೀಚೆ ಹಳೆಯ ಮರದ ಮನೆಗಳು ಕೆಲವು ಉಳಿದಿವೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಹಾಗಾಲುಂಡನ್ನು ಕೆಡವಿದ್ದು ಸ್ಟಾಕ್‌ಹೋಮ್ ಅಲ್ಲ, ಸೋಲ್ನಾ. ತನ್ನ ಊರಿನ ನೆಲದ ಮೇಲೆ ತನಗಿದ್ದ ಅಧಿಕಾರವನ್ನೇ ಬಳಸಿ ಕೆಡವಿದ್ದು. ನೀಲಿ ಕಟ್ಟಡಗಳಲ್ಲಿ ಬೆಚ್ಚಗಿನ ಸ್ನಾನದಮನೆ ಸಿಕ್ಕಿದ ತಾಯಂದಿರ ಸಮಾಧಾನವನ್ನು ನಾನು ಕಡೆಗಣಿಸಲಾರೆ. ಆದರೆ ಮನೆಯೊಳಗೆ ನಲ್ಲಿ ತರಲು ಮನೆಯನ್ನೇ ಇಲ್ಲವಾಗಿಸಬೇಕಿರಲಿಲ್ಲ. ಉಳಿದ ಕೆಲವು ಮನೆಗಳಲ್ಲಿ ಇವತ್ತು ನಲ್ಲಿಯೂ ಇದೆ, ಬಿಸಿನೀರೂ ಇದೆ.

ಆ ಕಾಲದ ನೋವಿಗೆ ನೆಲದಡಿಯಲ್ಲಿ ಒಂದು ಸಾಕ್ಷಿ ಇದೆ. 1975ರಲ್ಲಿ ಮೆಟ್ರೊದ ನೀಲಿ ಮಾರ್ಗ ಬಂದಾಗ, ಬಂಡೆ ಕೊರೆದು ಮಾಡಿದ ಸೋಲ್ನಾ ಸೆಂಟ್ರುಮ್ ನಿಲ್ದಾಣಕ್ಕೆ ಆಂಡರ್ಸ್ ಓಬರ್ಗ್, ಕಾರ್ಲ್-ಉಲೋವ್ ಬ್ಯೋರ್ಕ್ ಎಂಬ ಇಬ್ಬರು ಕಲಾವಿದರು ಬಣ್ಣ ಬಳಿದರು. ಗುಹೆಯ ಮೇಲ್ಭಾಗವೆಲ್ಲ ಉರಿಗೆಂಪು ಸಂಜೆಯ ಆಕಾಶ, ಕೆಳಗೆ ಹಸಿರು ಸ್ಪ್ರೂಸ್ ಮರಗಳ ಕಾಡು, ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ. ಎಸ್ಕಲೇಟರಿನಲ್ಲಿ ಇಳಿಯುವಾಗ ಆ ಕೆಂಪು ಮೈಮೇಲೆ ಬಂದಂತಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಕಾಡು ಕಡಿಯುವುದು, ಹಳ್ಳಿ ಬಿಟ್ಟು ಜನ ಹೋಗುವುದು, ನೀರು ಗಾಳಿ ಕೆಡುವುದು, ಎಲ್ಲವನ್ನೂ ಅಲ್ಲಲ್ಲಿ ಸಣ್ಣದಾಗಿ ಬರೆದಿದ್ದಾರೆ. ಸಾರ್ವಜನಿಕ ಹಣದಲ್ಲಿ ಕಟ್ಟಿದ ನಿಲ್ದಾಣದ ಗೋಡೆಯ ಮೇಲೆ ಆ ಕಾಲದ ಆಡಳಿತಗಾರರ ನೀತಿಯನ್ನೇ ಪ್ರಶ್ನಿಸುವ ಚಿತ್ರ. ಅದನ್ನು ಯಾರೂ ಅಳಿಸಲಿಲ್ಲ. ಇವತ್ತಿಗೂ ಕೆಲಸಕ್ಕೆ ಹೋಗುವವರು ದಿನಾ ಅದರ ಮುಂದೆ ರೈಲು ಹತ್ತುತ್ತಾರೆ.

ಇನ್ನು ಆಡಳಿತದ ವಿಚಾರ. ಸ್ವೀಡನ್ನಿನಲ್ಲಿ 1862ರ ಆಜ್ಞೆಗಳಿಂದ ಸ್ಥಳೀಯ ಸಂಸ್ಥೆಗಳು ಹುಟ್ಟಿದವು. ಸೋಲ್ನಾ ಆಗ ಒಂದು ಗ್ರಾಮಸಂಸ್ಥೆ. ಮುಂದೆ ಸ್ಟಾಕ್‌ಹೋಮ್ ಬೆಳೆಯುತ್ತ ಸುತ್ತಲಿನ ಊರುಗಳನ್ನು ಒಳಗೆ ತೆಗೆದುಕೊಳ್ಳುತ್ತ ಬಂತು. 1913ರಲ್ಲಿ ಬ್ರೆನ್‌ಶಿರ್ಕಾ, 1916ರಲ್ಲಿ ಬ್ರೊಮ್ಮಾ, 1949ರಲ್ಲಿ ಸ್ಪೋಂಗಾ. ಸೋಲ್ನಾ ಸೇರಲಿಲ್ಲ. 1943ರಲ್ಲಿ ಅದು ನಗರದ ಪಟ್ಟ ಪಡೆಯಿತು. 1952ರಲ್ಲೂ 1970ರ ದಶಕದಲ್ಲೂ ಸರಕಾರವೇ ದೇಶದ ಸ್ಥಳೀಯ ಸಂಸ್ಥೆಗಳನ್ನು ಒಂದಕ್ಕೊಂದು ಸೇರಿಸಿ, ಎರಡೂವರೆ ಸಾವಿರದಷ್ಟಿದ್ದುದನ್ನು ಮುನ್ನೂರಕ್ಕಿಂತ ಕಡಿಮೆಗೆ ಇಳಿಸಿತು. ಆ ಎರಡು ಅಲೆಗಳಲ್ಲೂ ಸೋಲ್ನಾ ಕೊಚ್ಚಿಹೋಗಲಿಲ್ಲ. ಇವತ್ತು ದೇಶದಲ್ಲಿ 290 ಸ್ಥಳೀಯ ಸಂಸ್ಥೆಗಳಿವೆ.

ಅವುಗಳ ಬಲ ಎರಡು ಕಡೆಯಿಂದ ಬರುತ್ತದೆ. ಒಂದು ತೆರಿಗೆ. ಅಲ್ಲಿ ಸಾಮಾನ್ಯ ಸಂಬಳದಾರನ ಆದಾಯ ತೆರಿಗೆ ಹೋಗುವುದು ಬಹುಮಟ್ಟಿಗೆ ಅವನ ನಗರಸಭೆಗೆ ಮತ್ತು ಪ್ರಾಂತ್ಯಕ್ಕೆ. ಒಂದು ಮಿತಿಗಿಂತ ಹೆಚ್ಚು ದುಡಿಯುವವರು ಮಾತ್ರ ರಾಷ್ಟ್ರ ಸರಕಾರಕ್ಕೂ ಆದಾಯ ತೆರಿಗೆ ಕಟ್ಟುತ್ತಾರೆ. ದರವನ್ನು ಗೊತ್ತುಮಾಡುವುದು ಆಯಾ ಊರಿನ ಚುನಾಯಿತ ಸಭೆ. ಸೋಲ್ನಾದ್ದು ದೇಶದಲ್ಲಿ ಕಡಿಮೆ ದರಗಳ ಸಾಲಿಗೆ ಸೇರುತ್ತದೆ. ಆ ಹಣದಲ್ಲಿ ಶಿಶುವಿಹಾರ, ಶಾಲೆ, ವೃದ್ಧರ ಆರೈಕೆ, ಬೀದಿ ಎಲ್ಲವೂ ನಡೆಯಬೇಕು. ಎರಡನೆಯದು ನೆಲ. 1947ರ ಕಟ್ಟಡ ಕಾಯಿದೆಯ ನಂತರ ಎಲ್ಲಿ ಏನು ಕಟ್ಟಬೇಕೆಂಬ ಯೋಜನೆ ಸ್ಥಳೀಯ ಸಂಸ್ಥೆಯ ಕೈಗೆ ಬಂತು. ಭೂಮಿಯ ಒಡೆಯ ಎಷ್ಟೇ ದೊಡ್ಡವನಾದರೂ ನಗರಸಭೆಯ ಯೋಜನೆ ಇಲ್ಲದೆ ಬಡಾವಣೆ ಎಬ್ಬಿಸುವಂತಿಲ್ಲ.

ಈ ಅಧಿಕಾರಕ್ಕೂ ಒಂದು ಕಡಿವಾಣ ಬಿತ್ತು, ಬಿದ್ದದ್ದು ಒಳ್ಳೆಯದೇ ಆಯಿತು. 1995ರಲ್ಲಿ ಉಲ್ರಿಕ್ಸ್‌ಡಾಲ್, ಹಾಗಾ, ಬ್ರುನ್ಸ್‌ವೀಕೆನ್, ಡ್ಯುರ್‌ಗೋರ್ಡೆನ್ ಪ್ರದೇಶಗಳು ಸೇರಿ ರಾಷ್ಟ್ರೀಯ ನಗರ ಉದ್ಯಾನವಾಯಿತು. ಜಗತ್ತಿನಲ್ಲೇ ಆ ಬಗೆಯ ಮೊದಲನೆಯದು. ಅದು ಸ್ಟಾಕ್‌ಹೋಮ್, ಸೋಲ್ನಾ, ಲಿಡಿಂಗೊ ಮೂರೂ ಊರುಗಳ ಮೇಲೆ ಹಾಯ್ದು ಹೋಗುತ್ತದೆ. ಅದರ ಹಸಿರಿಗೆ ಧಕ್ಕೆ ತರುವ ಕಟ್ಟಡಕ್ಕೆ ಯಾವ ನಗರಸಭೆಯೂ ಒಪ್ಪಿಗೆ ಕೊಡುವಂತಿಲ್ಲ. ಹಾಗಾಲುಂಡಿಗೆ ಇಂಥ ರಕ್ಷೆ ಸಿಗಲಿಲ್ಲ. ರಾಜನ ತೋಟಕ್ಕೆ ಸಿಕ್ಕಿತು. ಬಡವರ ಬೀದಿಗೂ ಕಾನೂನಿನ ಆಸರೆ ಇರಬೇಕಿತ್ತು ಎಂಬುದು ನನ್ನ ವಾದ.

ಈಗ ಹಾಗಾಸ್ಟಾಡೆನ್ ಎಂಬ ಹೊಸ ಬಡಾವಣೆ ಏಳುತ್ತಿದೆ. ಸೋಲ್ನಾಕ್ಕೂ ಸ್ಟಾಕ್‌ಹೋಮಿಗೂ ನಡುವೆ ಕಂದಕದಂತಿದ್ದ ಹೆದ್ದಾರಿಯನ್ನೂ ರೈಲುದಾರಿಯನ್ನೂ ಕಾಂಕ್ರೀಟಿನಿಂದ ಮುಚ್ಚಿ, ಮೇಲೆ ಮನೆ, ಪ್ರಯೋಗಾಲಯ, ಕಚೇರಿಗಳನ್ನು ಕಟ್ಟುತ್ತಿದ್ದಾರೆ. ಗಡಿರೇಖೆ ಬಡಾವಣೆಯ ಮಧ್ಯದಲ್ಲೇ ಹಾದುಹೋಗುತ್ತದೆ. ಬೀದಿಯಲ್ಲಿ ನಡೆಯುವವರಿಗೆ ಅದು ಕಾಣುವುದಿಲ್ಲ. ಆದರೆ ಈ ಕಡೆ ಮನೆ ಮಾಡಿದವನ ತೆರಿಗೆ, ಮಗುವಿನ ಶಿಶುವಿಹಾರದ ಸೀಟು, ತಾಯಿಯ ಆರೈಕೆಯ ಹೊಣೆ ಸೋಲ್ನಾದ್ದು. ಆ ಕಡೆಯದು ಸ್ಟಾಕ್‌ಹೋಮಿನದು.

ಅಲ್ಲಿ ನೆಲೆಸಿರುವ ನಮ್ಮವರಿಗೂ ಈ ಗಡಿಗೂ ಸಂಬಂಧವಿದೆ. ಸಾಫ್ಟ್‌ವೇರ್ ಕೆಲಸಕ್ಕೋ ಸಂಶೋಧನೆಗೋ ಆ ಕಡೆ ಹೋದ ಕನ್ನಡಿಗರ ಮನೆಯವರು ಈ ಸಭೆಯಲ್ಲೂ ಇರಬಹುದು. 1976ರಿಂದ ಸ್ವೀಡನ್ ಒಂದು ಹಕ್ಕು ಕೊಟ್ಟಿದೆ. ಪೌರತ್ವ ಇಲ್ಲದವರೂ ಮೂರು ವರ್ಷ ಅಲ್ಲಿ ನೋಂದಾಯಿತ ನಿವಾಸಿಗಳಾಗಿದ್ದರೆ ನಗರಸಭೆಗೂ ಪ್ರಾಂತ್ಯಸಭೆಗೂ ಮತ ಹಾಕಬಹುದು. ನಾಲ್ಕು ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಎರಡನೆಯ ಭಾನುವಾರ, ಮೂರು ಚುನಾವಣೆಗಳೂ ಒಂದೇ ದಿನ ನಡೆಯುತ್ತವೆ. ಹಳದಿ ಚೀಟಿ ಸಂಸತ್ತಿಗೆ, ನೀಲಿ ಚೀಟಿ ಪ್ರಾಂತ್ಯಕ್ಕೆ, ಬಿಳಿ ಚೀಟಿ ನಗರಸಭೆಗೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಮ್ಮ ಹುಡುಗ ಹುಡುಗಿಯರಿಗೆ ಹಳದಿ ಚೀಟಿಯ ಹಕ್ಕಿಲ್ಲ, ನೀಲಿ ಮತ್ತು ಬಿಳಿ ಚೀಟಿಯದು ಇದೆ. ಎಷ್ಟೋ ಜನ ಈ ಊರು ತಮ್ಮದಲ್ಲ ಎಂದುಕೊಂಡು ಆ ಭಾನುವಾರ ಮನೆಯಲ್ಲೇ ಉಳಿಯುತ್ತಾರೆ. ಅವರು ನಿಮ್ಮ ಮಕ್ಕಳೋ ಸೊಸೆಯಂದಿರೋ ಆಗಿದ್ದರೆ ಮುಂದಿನ ಸಲ ಫೋನಿನಲ್ಲಿ ಕೇಳಿ: ಬಿಳಿ ಚೀಟಿ ಹಾಕಿದಿರಾ? ಉಳಿದಿರುವ ಮರದ ಮನೆಗಳ ಪಕ್ಕ ಏನು ಕಟ್ಟಬೇಕು, ಯಾವ ಶಾಲೆಗೆ ಆಟದ ಬಯಲು ಇರಬೇಕು ಎಂದು ತೀರ್ಮಾನವಾಗುವುದು ಆ ಚೀಟಿಯಿಂದ.